ಅತ್ತೆಯ ಮರೆವು, ಸೊಸೆಯ ದಣಿವು: ನೆರವು ಎಲ್ಲಿದೆ?

ಪ್ರಶ್ನೆ: ನನಗೆ 53 ವರ್ಷ. 79 ವರ್ಷದ ನಮ್ಮ ಅತ್ತೆಯವರಿಗೆ ಎರಡು ವರ್ಷಗಳಿಂದ ಮರೆವು ಹೆಚ್ಚುತ್ತಿದೆ. ಉಂಡು ಕೈ ತೊಳೆದ ಸ್ವಲ್ಪ ಹೊತ್ತಿಗೇ, ಸೊಸೆ ಊಟ ಹಾಕಲಿಲ್ಲವೆಂದು ಪಕ್ಕದ ಮನೆಯವರಿಗೆ ಹೇಳುತ್ತಾರೆ. ಕಳೆದ ತಿಂಗಳು ಗೇಟು ತೆಗೆದು ಹೊರಟವರು ಎರಡು ಬಸ್ ನಿಲ್ದಾಣಗಳಾಚೆ ಸಿಕ್ಕಿದರು. ನಾದಿನಿಯರು ‘ವಯಸ್ಸಾದ ಮೇಲೆ ಅರಳುಮರಳು ಇದ್ದದ್ದೇ’ ಎನ್ನುತ್ತಾರೆ. ಯಜಮಾನರು ಕೆಲಸ ಮುಗಿಸಿ ಬರುವುದು ರಾತ್ರಿ. ನಾನು ಒಂದು ಮದುವೆ, ಒಂದು ಗೃಹಪ್ರವೇಶಕ್ಕೂ ಹೋಗಿ ವರ್ಷವಾಯಿತು. ಅವರನ್ನು ವೃದ್ಧಾಶ್ರಮಕ್ಕೆ ಸೇರಿಸುವ ಮನಸ್ಸು ನಮಗಿಲ್ಲ. ಬೆಂಗಳೂರಿನಲ್ಲಿ ನಮ್ಮಂಥವರು ಯಾರನ್ನು ಕೇಳಬೇಕು?
– ಹೆಸರು ಬೇಡ, ಬಸವೇಶ್ವರನಗರ

ಉತ್ತರ: ಮೊದಲು ‘ಅರಳುಮರಳು’ ಎಂಬ ಮಾತನ್ನು ಪಕ್ಕಕ್ಕಿಡೋಣ. ಆ ಒಂದು ಮಾತಿನಿಂದಾಗಿ ವೈದ್ಯರನ್ನು ಕಾಣುವುದು ವರ್ಷಗಟ್ಟಲೆ ತಡವಾದ ಮನೆಗಳು ಬಹಳ ಇವೆ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಜಾರಿಬಿದ್ದಾಗ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಕೆಲವು ಮಾತ್ರೆಗಳ ಅಡ್ಡಪರಿಣಾಮ ಇವೆಲ್ಲ ಮರೆವಿಗೆ ಕಾರಣವಾಗಬಲ್ಲವು, ಮತ್ತು ಇವಕ್ಕೆ ಚಿಕಿತ್ಸೆಯಿದೆ. ಅಲ್‌ಜೈಮರ್ಸ್ ಕಾಯಿಲೆಯೇ ಆಗಿದ್ದರೆ ಅದು ಪೂರ್ತಿ ವಾಸಿಯಾಗುವುದಿಲ್ಲವಾದರೂ, ರಾತ್ರಿಯ ನಿದ್ರಾಹೀನತೆ, ಸಿಟ್ಟು, ಅನುಮಾನ ಇವುಗಳನ್ನು ಹತೋಟಿಗೆ ತರಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹಿರಿಯರ ಮಾನಸಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ವೃದ್ಧಾಪ್ಯದ ಕಾಯಿಲೆಗಳನ್ನು ನೋಡುವ ವಿಭಾಗವಿದೆ. ಊಟ ಹಾಕಲಿಲ್ಲವೆಂಬ ಅತ್ತೆಯವರ ಮಾತು ನಿಮ್ಮನ್ನು ಎಷ್ಟು ನೋಯಿಸಿದೆಯೆಂಬುದು ಪತ್ರದಿಂದಲೇ ತಿಳಿಯುತ್ತದೆ. ಆದರೆ ಅದು ದೂರಲ್ಲ. ಉಂಡದ್ದು ಅವರ ನೆನಪಿನಲ್ಲಿ ಉಳಿದೇ ಇಲ್ಲ. ಪಕ್ಕದ ಮನೆಯವರಿಗೆ ಕಾಯಿಲೆಯ ವಿಷಯವನ್ನು ನೀವೇ ತಿಳಿಸಿಬಿಡಿ. ಮುಂದೊಂದು ದಿನ ಅತ್ತೆಯವರು ಗೇಟು ದಾಟಿದರೆ ಮೊದಲು ತಡೆಯುವವರು ಈ ನೆರೆಯವರೇ.

ಇನ್ನು ಯಾರನ್ನು ಕೇಳಬೇಕೆಂಬುದಕ್ಕೆ. ಬೆಂಗಳೂರು ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆಗೂಡಿ 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿ 1090 ಇದೆ. ದೇಶಕ್ಕೆಲ್ಲ ಒಂದೇ ಆದ ‘ಎಲ್ಡರ್‌ಲೈನ್’ 14567 ಇದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕರೆ ಉಚಿತ. ಆದರೆ ಕರೆ ಮಾಡುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಅತ್ತೆಯವರ ವಯಸ್ಸು, ಕಾಯಿಲೆಗಳು, ಮಾತ್ರೆಗಳು, ಸ್ನಾನ–ಶೌಚ–ಊಟಗಳಲ್ಲಿ ತಾವಾಗಿ ಮಾಡಿಕೊಳ್ಳುವುದೆಷ್ಟು, ದಿನದ ಯಾವ ಹೊತ್ತು ನಿಮಗೆ ತೀರಾ ಕಷ್ಟ, ತಿಂಗಳಿಗೆ ಎಷ್ಟು ಹಣ ತೆಗೆದಿಡಬಲ್ಲಿರಿ. ‘ಅತ್ತೆಗೆ ಮರೆವು, ಏನು ಮಾಡಲಿ’ ಎಂದರೆ ಸಾಮಾನ್ಯ ಸಮಾಧಾನವಷ್ಟೇ ಸಿಕ್ಕೀತು. ‘ವಾರಕ್ಕೆ ಎರಡು ದಿನ, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ನೋಡಿಕೊಳ್ಳುವ ಕೇಂದ್ರ ನಮ್ಮ ಕಡೆ ಎಲ್ಲಿದೆ’ ಎಂದು ಕೇಳಿದರೆ ಉತ್ತರವೂ ಅಷ್ಟೇ ಖಚಿತವಾಗಿರುತ್ತದೆ.

ಮರೆವಿನ ಕಾಯಿಲೆಯವರನ್ನು ಹಗಲು ಹೊತ್ತು ನೋಡಿಕೊಂಡು ಸಂಜೆ ಮನೆಗೆ ಕಳುಹಿಸುವ ಡೇ ಕೇರ್ ಕೇಂದ್ರಗಳು ನಗರದಲ್ಲಿವೆ. ಇವು ವೃದ್ಧಾಶ್ರಮಗಳಲ್ಲ. ಮೇಲೆ ಹೇಳಿದ ಟ್ರಸ್ಟ್ ಕಸ್ತೂರಿನಗರದಲ್ಲಿ ಈ ಕಾಯಿಲೆಯವರಿಗೆಂದೇ ಒಂದು ಕೇಂದ್ರ ನಡೆಸುತ್ತಿದೆ. ಬಸವೇಶ್ವರನಗರದಿಂದ ನಗರದ ಆ ತುದಿಗೆ ದಿನವೂ ಹೋಗಿಬರುವುದು ಅತ್ತೆಯವರನ್ನು ಬಳಲಿಸೀತು. ಆದ್ದರಿಂದ ಹತ್ತಿರದ ಕೇಂದ್ರ ಯಾವುದೆಂದು ಅವರನ್ನೇ ವಿಚಾರಿಸಿ. 1992ರಲ್ಲಿ ಸ್ಥಾಪನೆಯಾದ ಅಲ್‌ಜೈಮರ್ಸ್ ಮತ್ತು ಸಂಬಂಧಿತ ಕಾಯಿಲೆಗಳ ಭಾರತೀಯ ಸೊಸೈಟಿಗೂ ಬೆಂಗಳೂರಿನಲ್ಲಿ ಶಾಖೆಯಿದೆ. ಇದೇ ಹಾದಿಯಲ್ಲಿ ನಡೆದ ಇನ್ನೊಬ್ಬ ಸೊಸೆಯೊಡನೆ ಒಂದು ಗಂಟೆ ಮಾತನಾಡಿದರೆ ಸಿಗುವ ಧೈರ್ಯವೇ ಬೇರೆ. ಅಂಥ ಮನೆಯವರ ಭೇಟಿ ಸಾಧ್ಯವೇ ಎಂದು ಅಲ್ಲಿ ಕೇಳಿ ನೋಡಿ.

ಅತ್ತೆಯವರ ಕೊರಳಲ್ಲೋ ಬಳೆಯಲ್ಲೋ ನಿಮ್ಮ ಫೋನ್ ಸಂಖ್ಯೆಯಿರುವ ಚೀಟಿ ಇರಲಿ, ಇತ್ತೀಚಿನ ಫೋಟೊ ನಿಮ್ಮ ಮೊಬೈಲಿನಲ್ಲಿರಲಿ. ಮತ್ತೆ ಕಾಣೆಯಾದರೆ ತಕ್ಷಣ 112ಕ್ಕೆ ಕರೆ ಮಾಡಿ. 24 ಗಂಟೆ ಕಾಯಬೇಕೆಂಬ ನಿಯಮವಿಲ್ಲ.

ನಾದಿನಿಯರ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ‘ಸ್ವಲ್ಪ ನೀವೂ ನೋಡಿಕೊಳ್ಳಿ’ ಎಂದರೆ ಯಾರೂ ಬರುವುದಿಲ್ಲ. ‘ಪ್ರತಿ ತಿಂಗಳ ಎರಡನೇ ಶನಿವಾರ ಬೆಳಗಿನಿಂದ ಸಂಜೆವರೆಗೆ ಅಮ್ಮನ ಜೊತೆಗಿರಿ’ ಎಂದು ನಿಮ್ಮ ಯಜಮಾನರು ತಮ್ಮ ಅಕ್ಕತಂಗಿಯರಿಗೆ ಹೇಳಬೇಕು. ಈ ಮಾತು ಸೊಸೆಯ ಬಾಯಿಂದ ಬರಬಾರದು, ಮಗನ ಬಾಯಿಂದಲೇ ಬರಬೇಕು. ಒಂದು ದಿನವಿಡೀ ಜೊತೆಗಿದ್ದವರು ಅದನ್ನು ಮತ್ತೆ ಅರಳುಮರಳು ಎನ್ನುವುದು ಕಡಿಮೆ. ನಿಮಗೆ ನಿದ್ರೆ ಬಾರದೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ‘ಟೆಲಿ ಮಾನಸ್’ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲಿಯೇ ಆಪ್ತ ಸಮಾಲೋಚಕರು ಸಿಗುತ್ತಾರೆ. ಆ ಕರೆಯನ್ನು ನಿಮಗಾಗಿ ಮಾಡಿಕೊಳ್ಳಿ, ಅತ್ತೆಯವರಿಗಾಗಿ ಅಲ್ಲ.

ಪ್ರಶ್ನೆ: ನನಗೆ 72 ವರ್ಷ. ನನ್ನ ಹೆಂಡತಿಗೆ ಪಾರ್ಶ್ವವಾಯುವಾಗಿ ಎಡಭಾಗ ಸ್ವಾಧೀನದಲ್ಲಿಲ್ಲ. ಏಜೆನ್ಸಿಯೊಂದಕ್ಕೆ ಒಂದು ತಿಂಗಳ ಹಣ ಮುಂಗಡ ಕೊಟ್ಟೆ. ಬಂದ ಹೋಮ್ ನರ್ಸ್ ಒಂಬತ್ತೇ ದಿನಕ್ಕೆ ಹೊರಟುಹೋದರು. ಈಗ ಬೇರೆಯವರನ್ನು ಕಳುಹಿಸುವುದೂ ಇಲ್ಲ, ಹಣವೂ ಇಲ್ಲ.
– ಓದುಗರು, ಜಯನಗರ

ಉತ್ತರ: ರಸೀದಿ ಮತ್ತು ವಾಟ್ಸಾಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು, ಹಣ ಮರಳಿಸುವಂತೆ ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಬಹುದು, 1090ಕ್ಕೂ ತಿಳಿಸಿ. ಮುಂದಿನ ಬಾರಿ ಮೂಗಿನ ನಳಿಕೆ, ಮೂತ್ರದ ನಳಿಕೆಗಳಿಲ್ಲದಿದ್ದರೆ ತರಬೇತಿ ಪಡೆದ ನರ್ಸ್‌ನ ಅಗತ್ಯವಿಲ್ಲದೆ, ಎತ್ತಿ ಕೂರಿಸಿ ಸ್ನಾನ ಮಾಡಿಸಬಲ್ಲ ಸಹಾಯಕಿ ಸಾಕಾಗಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಖರ್ಚು ಬಹಳ ಇಳಿಯುತ್ತದೆ. ಬಿಟ್ಟುಹೋದರೆ ಎಷ್ಟು ದಿನದೊಳಗೆ ಬದಲಿ ವ್ಯಕ್ತಿ, ಇಲ್ಲದಿದ್ದರೆ ಎಷ್ಟು ಹಣ ವಾಪಸು ಎಂಬುದು ಬರಹದಲ್ಲಿರಬೇಕು, ಪೊಲೀಸ್ ಪರಿಶೀಲನೆ ಆಗಿರಬೇಕು. ಬರುವವರಿಗೂ ಸರಿಯಾದ ಊಟ, ನಿದ್ರೆ, ವಾರಕ್ಕೊಂದು ರಜೆ ಸಿಗಬೇಕು. ಬಿಟ್ಟುಹೋಗುವುದಕ್ಕೆ ಇದೂ ಒಂದು ಕಾರಣ. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಕೆಳಭಾಗದಲ್ಲಿ ಹುಣ್ಣಾಗುತ್ತದೆ. ಹೊಸಬರು ಬಂದ ಮೊದಲ ಎರಡು ದಿನ ನೀವು ಜೊತೆಗಿದ್ದು, ಅವರು ಇದನ್ನು ಹೇಗೆ ಮಾಡುತ್ತಾರೆಂದು ಕಣ್ಣಾರೆ ನೋಡಿ.