ಓದುಗರ ಪ್ರಶ್ನೆ: ಐರಿಷರ ಜಗಳ ಬರೀ ಧರ್ಮದ್ದೇ?

ಪ್ರಶ್ನೆ: ಮಾನ್ಯರೇ, ನನ್ನ ಮಗಳು ಬೆಲ್‌ಫಾಸ್ಟ್‌ನಲ್ಲಿ ನರ್ಸ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಸಹೋದ್ಯೋಗಿಯೊಬ್ಬರ ಎದುರು ‘ಲಂಡನ್‌ಡೆರ್ರಿ’ ಎಂದಾಗ ಅವರು ಮುಖ ಗಂಟಿಕ್ಕಿದರಂತೆ; ಇನ್ನೊಬ್ಬರ ಎದುರು ‘ಡೆರ್ರಿ’ ಎಂದಾಗಲೂ ಅದೇ ಆಯಿತಂತೆ. ಇದು ಕ್ಯಾಥೊಲಿಕರ ಮತ್ತು ಪ್ರೊಟೆಸ್ಟೆಂಟರ ಧರ್ಮದ ಜಗಳವೆಂದು ಓದಿದ್ದೇನೆ. ಅಷ್ಟು ತಿಳಿದರೆ ಸಾಕೇ? ಹೊರಗಿನವರು ಈ ಇತಿಹಾಸವನ್ನು ಎಲ್ಲಿಂದ ಆರಂಭಿಸಬೇಕು?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಒಂದೇ ಊರಿಗೆ ಎರಡು ಹೆಸರಿದ್ದಾಗ, ಆಡುವವನ ಬಾಯಿಂದ ಯಾವ ಹೆಸರು ಬಂತೆಂದು ಕೇಳುವವನು ಕಿವಿಗೊಟ್ಟು ಕಾಯುವುದನ್ನು ಬೆಳಗಾವಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಲಿ. ಉತ್ತರ ಐರ್ಲೆಂಡಿನ ಈ ಜಗಳದ ಹಿಂಸೆಗೆ 1960ರ ದಶಕದ ಕೊನೆಯಿಂದ 1998ರವರೆಗೆ ಸುಮಾರು 3,500 ಜನ ಪ್ರಾಣ ಕಳೆದುಕೊಂಡಿದ್ದಾರೆ.

ಆ ಊರಿನ ಹೆಸರೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತದೆ. 1609ರ ಸುಮಾರಿಗೆ ಬ್ರಿಟಿಷ್ ಅರಸೊತ್ತಿಗೆಯು ಐರ್ಲೆಂಡಿನ ಉತ್ತರ ಭಾಗದ ಅಲ್‌ಸ್ಟರ್ ಪ್ರಾಂತ್ಯದಲ್ಲಿ ಐರಿಷರಿಂದ ಕಸಿದುಕೊಂಡ ಜಮೀನನ್ನು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನಿಂದ ಬಂದ ಪ್ರೊಟೆಸ್ಟೆಂಟ್ ವಲಸಿಗರಿಗೆ ಹಂಚತೊಡಗಿತು. ಈ ಯೋಜನೆಗೆ ಹಣ ಹೂಡಿದ ಲಂಡನ್ನಿನ ವರ್ತಕ ಸಂಘಗಳ ನೆನಪಿಗೆ 1613ರಲ್ಲಿ ಡೆರ್ರಿಯ ಹಿಂದೆ ‘ಲಂಡನ್’ ಸೇರಿತು. ಮುಂದೆ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಕ್ಯಾಥೊಲಿಕರು ಜಮೀನು ಕೊಳ್ಳುವುದನ್ನೇ ಕಾನೂನು ನಿಷೇಧಿಸಿತು. ಆದ್ದರಿಂದ ಅಲ್ಲಿ ಧರ್ಮವೆಂಬುದು ಜಗಳದ ಬೇರು ಎನ್ನುವುದಕ್ಕಿಂತ, ಹೊಲ ಯಾರ ಕೈ ಸೇರಿತು, ಅಧಿಕಾರ ಯಾರ ಪಾಲಾಯಿತು ಎಂಬುದನ್ನು ತೋರಿಸುವ ಗುರುತು ಎಂದು ನನಗೆ ಅನಿಸುತ್ತದೆ.

1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದಾಗ ಈ ಭೂಮಿಯ ಲೆಕ್ಕ ಪ್ರಾಣದ ಲೆಕ್ಕವಾಯಿತು. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು; ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು; ಆ ಅವಧಿಯಲ್ಲೂ ಧಾನ್ಯ ಇಂಗ್ಲೆಂಡಿಗೆ ರಫ್ತಾಗುತ್ತಲೇ ಇತ್ತು. ಪರಿಹಾರದ ಖರ್ಚಿನ ಮೇಲೆ ಬಿಗಿ ಹಿಡಿತವಿಟ್ಟಿದ್ದ ಖಜಾನೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್ 1859ರಲ್ಲಿ ಮದ್ರಾಸಿನ ಗವರ್ನರಾಗಿ ಬಂದರು. ಇಂದಿನ ವಿಜಯಪುರ, ಬಾಗಲಕೋಟೆಗಳನ್ನು ಒಳಗೊಂಡಿದ್ದ ಕಲಾದಗಿ ಜಿಲ್ಲೆಯನ್ನು 1876–78ರ ಬರ ಹಿಂಡುತ್ತಿದ್ದಾಗಲೂ ಭಾರತದಿಂದ ಧಾನ್ಯ ಹೊರಗೆ ಹೋಗುತ್ತಿತ್ತು. ಮಾರುಕಟ್ಟೆಯಲ್ಲಿ ಸರ್ಕಾರ ಕೈಹಾಕಬಾರದೆಂಬ ಅದೇ ಹಟ.

ಹಾಗೆಂದು ಐರಿಷರೆಲ್ಲ ನಮ್ಮ ಪಕ್ಷದವರೆಂದು ಭಾವಿಸಬೇಡಿ. ಲೋಕಮಾನ್ಯ ಟಿಳಕರು 1916ರ ಏಪ್ರಿಲ್‌ನಲ್ಲಿ ನಿಮ್ಮ ಬೆಳಗಾವಿಯಲ್ಲೇ ಹೋಮ್ ರೂಲ್ ಲೀಗ್ ಸ್ಥಾಪಿಸಿದಾಗ ‘ಹೋಮ್ ರೂಲ್’ ಎಂಬ ಹೆಸರು ಬಂದದ್ದು ಐರಿಷ್ ಚಳವಳಿಯಿಂದ. ಅದೇ ತಿಂಗಳು ಡಬ್ಲಿನ್‌ನಲ್ಲಿ ಸಶಸ್ತ್ರ ಬಂಡಾಯವೂ ನಡೆಯಿತು. ಆದರೆ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವನ್ನು ಸಮರ್ಥಿಸಿದ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕೆಲ್ ಓಡ್ವಯರ್ ಕೂಡ ಐರಿಷ್ ಕ್ಯಾಥೊಲಿಕರೇ. 1920ರಲ್ಲಿ, ತಾಯ್ನಾಡಿನಲ್ಲಿ ಬ್ರಿಟಿಷ್ ಪಡೆಗಳು ನಡೆಸುತ್ತಿದ್ದ ದೌರ್ಜನ್ಯವನ್ನು ಪ್ರತಿಭಟಿಸಿ ಜಲಂಧರ್‌ನಲ್ಲಿ ಬಂದೂಕು ಕೆಳಗಿಟ್ಟ, ಬ್ರಿಟಿಷ್ ಸೇನೆಯ ಕನಾಟ್ ರೇಂಜರ್ಸ್ ದಳದ ಸೈನಿಕರೂ ಐರಿಷರೇ.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಯಾರು ಯಾವ ವರ್ಷದಿಂದ ಕಥೆ ತೆಗೆಯುತ್ತಾರೆ ಎಂಬುದನ್ನು ನಿಮ್ಮ ಮಗಳು ಗಮನಿಸಲಿ. ಬ್ರಿಟನ್ನಿನ ಜೊತೆಗಿರಬೇಕೆನ್ನುವ ಅನೇಕರು (ಹೆಚ್ಚಿನವರು ಪ್ರೊಟೆಸ್ಟೆಂಟರು) 1690ರ ಬಾಯ್ನ್ ಕದನದಿಂದ, ಅಂದರೆ ಪ್ರೊಟೆಸ್ಟೆಂಟ್ ಅರಸ ವಿಲಿಯಂ ಕ್ಯಾಥೊಲಿಕ್ ಅರಸ ಜೇಮ್ಸ್‌ನನ್ನು ಸೋಲಿಸಿದ ಯುದ್ಧದಿಂದ ಆರಂಭಿಸುತ್ತಾರೆ. ಅದರ ಮೆರವಣಿಗೆ ಇಂದಿಗೂ ಪ್ರತಿ ಜುಲೈ 12ರಂದು ಹೊರಡುತ್ತದೆ. ಐರ್ಲೆಂಡ್ ಒಂದಾಗಬೇಕೆನ್ನುವವರು (ಹೆಚ್ಚಿನವರು ಕ್ಯಾಥೊಲಿಕರು) ಬರಗಾಲವನ್ನೋ, 1916ನ್ನೋ, ಇಲ್ಲವೇ 1972ರ ಜನವರಿ 30ನ್ನೋ ಹೇಳುತ್ತಾರೆ. ಅಂದು ಡೆರ್ರಿಯಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದಾಗ 13 ಜನ ಸತ್ತರು. ಬ್ರಿಟನ್ನಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2010ರಲ್ಲಿ. ಐರ್ಲೆಂಡನ್ನು ಒಂದುಗೂಡಿಸಲು ಶಸ್ತ್ರ ಹಿಡಿದ ಐಆರ್‌ಎ ಸಂಘಟನೆಯ ಬಾಂಬಿಗೆ ಮನೆಯವರನ್ನು ಕಳೆದುಕೊಂಡವರಿಗೂ ಮರೆಯಲಾಗದ ತಾರೀಖುಗಳಿವೆ. ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕರ ಫಾಲ್ಸ್ ರಸ್ತೆ ಮತ್ತು ಪ್ರೊಟೆಸ್ಟೆಂಟರ ಶಾಂಕಿಲ್ ರಸ್ತೆಗಳ ಗೋಡೆಚಿತ್ರಗಳನ್ನು ಒಂದೇ ದಿನ ನೋಡಿದರೆ ಈ ತಾರೀಖುಗಳೆಲ್ಲ ಎದುರಿಗೇ ಸಿಗುತ್ತವೆ. ಎರಡರ ನಡುವೆ ನಿಂತಿರುವ ಎತ್ತರದ ಗೋಡೆಯನ್ನೂ ನೋಡಲಿ.

ಪ್ರಶ್ನೆ: ಐರಿಷರನ್ನು ಬ್ರಿಟಿಷರೆಂದು ಕರೆಯಬಹುದೇ?
– ವಿದ್ಯಾರ್ಥಿನಿ, ಜಮಖಂಡಿ

ಉತ್ತರ: 1922ರಲ್ಲಿ ಬೇರೆಯಾದ 26 ಕೌಂಟಿಗಳವರನ್ನು ಖಂಡಿತ ಕರೆಯಬಾರದು. ಬ್ರಿಟನ್ನಿನಲ್ಲೇ ಉಳಿದ ಉತ್ತರದ ಆರು ಕೌಂಟಿಗಳವರನ್ನು ಅವರನ್ನೇ ಕೇಳಿ ಕರೆಯಿರಿ; ಅಲ್ಲಿ ಹುಟ್ಟಿದವರು ತಮ್ಮನ್ನು ಐರಿಷ್ ಎಂದೋ, ಬ್ರಿಟಿಷ್ ಎಂದೋ, ಎರಡೂ ಎಂದೋ ಗುರುತಿಸಿಕೊಳ್ಳುವ ಹಕ್ಕನ್ನು 1998ರ ಶಾಂತಿ ಒಪ್ಪಂದ ಮಾನ್ಯ ಮಾಡಿದೆ. ಎರಡೂ ದೇಶಗಳ ಪಾಸ್‌ಪೋರ್ಟ್ ಇಟ್ಟುಕೊಂಡವರೂ ಅಲ್ಲಿ ಬಹಳ ಜನರಿದ್ದಾರೆ.