ಚಿತ್ರದ ಜೊತೆಗೊಂದು ಕಸುಬು: ಚೋಳಮಂಡಲದ ದಾರಿ

ಮಾನ್ಯರೇ, ಚಿತ್ರಗಳು ಮಾರಾಟವಾಗದಿದ್ದರೆ ಊರಿನ ಕಲಾವಿದರ ಸಂಘವೊಂದು ಹೇಗೆ ಉಳಿದೀತು ಎಂದು ಕೇಳಿದ್ದೀರಿ. ದಯವಿಟ್ಟು ಚೆನ್ನೈ ಸಮೀಪದ ಚೋಳಮಂಡಲ ಕಲಾಗ್ರಾಮವನ್ನು ಒಮ್ಮೆ ನೋಡಿ ಬನ್ನಿ. ಚಿತ್ರಕಲಾವಿದ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ 1966ರಲ್ಲಿ ಒಗ್ಗೂಡಿದ ಅಲ್ಲಿನ ಕಲಾವಿದರು, ಬಾಟಿಕ್ (ಮೇಣ ಹಚ್ಚಿ ಬಣ್ಣ ಹಾಕಿದ) ಬಟ್ಟೆಯಂತಹ ಕರಕುಶಲ ವಸ್ತುಗಳನ್ನು ಮಾರಿ ಬಂದ ಹಣದಿಂದಲೇ ಜಾಗ ಕೊಂಡು, ತಮಗೆ ಬೇಕಾದ ಚಿತ್ರಗಳನ್ನೇ ಬರೆಯುವ ಸ್ವಾತಂತ್ರ್ಯವನ್ನು ಉಳಿಸಿಕೊಂಡರು. ಆ ಕಸುಬು ಅವರ ಕಲೆಯನ್ನೂ ಬೆಳೆಸಿತೆಂಬುದು ನನಗೆ ಬಹಳ ದೊಡ್ಡ ಸಂಗತಿ. ಸ್ಥಾಪಕ ಸದಸ್ಯರಲ್ಲೊಬ್ಬರಾದ ಮೈಸೂರಿನ ಎಸ್.ಜಿ. ವಾಸುದೇವ್ ಅವರ ತಾಮ್ರದ ಉಬ್ಬುಚಿತ್ರಗಳ ಮುಂದೆ ನಿಂತರೆ, ತಗಡಿನ ಮೇಲೆ ಬಿದ್ದ ಏಟುಗಳೇ ಗೆರೆಗಳಾಗಿ ಬೆಳಕು ಹಿಡಿದಿರುವುದು ಕಾಣುತ್ತದೆ. ನಿಮ್ಮ ಸಂಘದಲ್ಲಿ ಯಾರ ಕೈಗೆ ಯಾವ ಕಸುಬು ಒಗ್ಗುತ್ತದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ.