ಪೋಲಿಯೊ ಅಲ್ಲದಿದ್ದರೂ ಮಕ್ಕಳ ಕೈಕಾಲು ಇದ್ದಕ್ಕಿದ್ದಂತೆ ಸೋಲುವುದು ಯಾಕೆ?

ಅಮೆರಿಕದಲ್ಲಿ 2014ರಿಂದ ಹೆಚ್ಚು ಗಮನಕ್ಕೆ ಬಂದ ಈ ಕಾಯಿಲೆಯ ಹೆಸರು ಅಕ್ಯೂಟ್ ಫ್ಲಾಸಿಡ್ ಮೈಲೈಟಿಸ್. ಇದಕ್ಕೆ ಪೋಲಿಯೊ ವೈರಸ್ ಕಾರಣ ಅಲ್ಲ. ಅದರದೇ ಬಳಗದ ಎಂಟೆರೊವೈರಸ್ ಡಿ68 ಮೇಲೆ ಜಾಸ್ತಿ ಅನುಮಾನ.

ಮೊದಲು ಬರೀ ನೆಗಡಿ, ಜ್ವರ. ಮಗು ಹುಷಾರಾಯಿತು ಅಂದುಕೊಳ್ಳುವಷ್ಟರಲ್ಲಿ ಒಂದು ಕೈಯೋ ಕಾಲೋ ಜೋತುಬೀಳುತ್ತದೆ. ಬೆನ್ನುಹುರಿಯೊಳಗೆ ಸ್ನಾಯುಗಳನ್ನು ಆಡಿಸುವ ನರಕೋಶಗಳಿಗೆ ಪೆಟ್ಟು ಬಿದ್ದಿರುತ್ತದೆ. ಹಾಗಾಗಿ ಮುಟ್ಟಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ, ಎತ್ತಲು ಮಾತ್ರ ಆಗುವುದಿಲ್ಲ. 2018ರಲ್ಲಿ ಅಲ್ಲಿ 238 ಪ್ರಕರಣ ಖಚಿತವಾದವು. ಅಷ್ಟು ದೊಡ್ಡ ದೇಶಕ್ಕೆ ಇದು ಅಪರೂಪವೇ, ಆದರೆ ಆ ಮನೆಯವರಿಗೆ ಅದೇ ದೊಡ್ಡದು ಅಲ್ವಾ?

ಇದಕ್ಕೇ ಅಂತ ಔಷಧಿ ಇಲ್ಲ. ಫಿಸಿಯೋಥೆರಪಿ ಬೇಗ ಶುರುವಾಗಬೇಕು. ಉಸಿರಾಟದ ಸ್ನಾಯುಗಳೂ ಸೋಲಬಹುದು. ಮಗುವಿನ ಕೈ ಸೋತಂತೆ ಕಂಡರೆ ನಾಳೆವರೆಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.